ಎರಡು ಸಾವಿರದ ಐನೂರ ಇಪ್ಪತ್ತು ಎಳೆ

ಹೂಂ ಅನ್ನುವವರು ಯಾರಾದರೂ ಇದ್ದೀರಾ? ಇದ್ದರೆ ಹೇಳುತ್ತೇನೆ. ಹೂಂ ಇಲ್ಲದೆ ನನ್ನ ನಾಲಿಗೆ ಏಳುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಒಂದಾನೊಂದು ಕಾಲದಲ್ಲಿ ಒಂದಾನೊಂದು ಊರು. ಊರ ಹೆಸರು ನೂಲಗೇರಿ. ಮನೆಗೊಂದು ಮಗ್ಗ, ಮಗ್ಗಕ್ಕೊಂದು ಹಾಡು. ಕೋಳಿ ಕೂಗುವ ಮೊದಲೇ ಅಲ್ಲಿ ಲಾಳಿ ಓಡುತ್ತಿತ್ತಂತೆ. ಸೀರೆಯ ಉದ್ದನೆಯ ಎಳೆಗಳಿಗೆ ಹಾಸು ಅನ್ನುತ್ತಾರಲ್ಲ, ಆ ಹಾಸನ್ನು ಅವರು ಬೀದಿಯ ಉದ್ದಕ್ಕೂ ಗೂಟ ನೆಟ್ಟು ಎಳೆದು ಕಟ್ಟುತ್ತಿದ್ದರಂತೆ. ಹಾಸು ಕಟ್ಟಿದ ದಿನ ಊರ ದನಕರು ಹಿಂದಿನ ಓಣಿಯಿಂದ ಸುತ್ತಿ ಬರುತ್ತಿದ್ದವು. ರಾಜನ ಪಲ್ಲಕ್ಕಿಯೂ ಸುತ್ತಿಯೇ ಬರುತ್ತಿತ್ತಂತೆ. ಯಾಕೆ ಅಂತ ರಾಜ ಒಂದು ದಿನವೂ ಕೇಳಲಿಲ್ಲ. ಅಂಥ ಊರು ಅದು.

ಆ ಊರಲ್ಲಿ ಹಾಲವ್ವ ಅಂತ ಒಬ್ಬಳು. ಎಷ್ಟು ಎಳೆ ಬೇಕು, ಯಾವ ಬಣ್ಣ ಎಲ್ಲಿ ಕೂರಬೇಕು ಎಂದು ಎಣಿಸಿ ಹಾಸು ಕಟ್ಟುವುದು ಅವಳ ಕಸುಬು. ಅವಳಿಗೆ ಜಂಬ ಇತ್ತು. ಸ್ವಲ್ಪ ಅಲ್ಲ, ಬೇಕಾದಷ್ಟಿತ್ತು. ಬೀದಿಯಲ್ಲಿ ನಡೆದರೆ ಮೂಗು ಮೇಲೆತ್ತಿ ನಡೆಯುತ್ತಿದ್ದಳು, ಮೂಗುತಿ ಎಲ್ಲರಿಗೂ ಕಾಣಲಿ ಅಂತ.

"ನಾ ಕಟ್ಟಿದ ಹಾಸಿನ್ಯಾಗ ಒಂದ್ ಎಳಿ ಹೆಚ್ಚಿಗಿ ಹುಡುಕಿಕೊಟ್ಟವರಿಗೆ ಈ ಮೂಗುತಿ ಬಿಚ್ಚಿ ಕೊಡ್ತೀನಿ" ಅನ್ನುತ್ತಿದ್ದಳಂತೆ. ಹುಡುಕಿದವರು ಬಹಳ ಜನ. ಮೂಗುತಿ ಮಾತ್ರ ಮೂಗಿನಲ್ಲೇ ಉಳಿಯಿತು.

ಅವಳ ಗಂಡ ಗಾಳೆಪ್ಪ. ನೇಯುವುದರಲ್ಲಿ ಬಲು ಚುರುಕು, ಧೈರ್ಯದಲ್ಲಿ ಅಷ್ಟಕ್ಕಷ್ಟೇ. ಹೆಂಡತಿ ಬಾಯಿ ಬಿಟ್ಟಾಗಲೆಲ್ಲ ಅವನ ಎದೆ ಢವಢವ ಅನ್ನುತ್ತಿತ್ತು.

ಆ ಊರಲ್ಲಿ ಒಂದು ಕಟ್ಟಳೆ ಇತ್ತಂತೆ. ಹಾಸು ಕಟ್ಟಿ, ಅರಿಶಿನ ಹಚ್ಚಿ, ಕಾಯಿ ಒಡೆದ ಮೇಲೆ ಅದಕ್ಕೆ ಒಂದೆಳೆ ಸೇರಿಸುವಂತಿಲ್ಲ, ಒಂದೆಳೆ ಕೀಳುವಂತಿಲ್ಲ. ಬ್ರಹ್ಮನೇ ಬಂದು ಕೇಳಿದರೂ ಇಲ್ಲ. ಒಂದು ಥರದವರಿಗಾಗಿ ಮಾತ್ರ ಒಂದೆಳೆ ಕೀಳಬಹುದಿತ್ತು. ಸೀರೆಗೋ ಪಂಚೆಗೋ ಹೇಳಿ, ಹಾಸಿನ ಮುಂದೆ ಬಂದು ಮಾತು ಮುರಿದವರಿಗೆ. ಅಂಥವರು ಮಾತು ಮುರಿದ ಹಾಸಿನಿಂದಲೇ ಒಂದು ಬಿಳಿ ಎಳೆ ತೆಗೆದು ಅವರ ಮುಂಗೈಗೆ ಕಟ್ಟುತ್ತಿದ್ದರು. ಆ ಬಟ್ಟೆಯನ್ನು ಒಪ್ಪಿ, ಉಟ್ಟು, ನಾಲ್ಕು ಜನರ ಮುಂದೆ ನಿಂತು "ಇದು ನಾನು ಕೇಳಿದ್ದೇ" ಅನ್ನುವವರೆಗೂ ಆ ಎಳೆ ಬಿಚ್ಚುವಂತಿರಲಿಲ್ಲ.

ಗಾಣದ ಅಡಿವೆಪ್ಪನ ಕೈಯಲ್ಲಿ ಅಂಥದೊಂದು ಎಳೆ ಇತ್ತು. ಕೆಂಪಂಚಿನ ಪಂಚೆ ಬೇಕು ಅಂತ ಹೇಳಿಹೋಗಿ, ಹಾಸು ಕಟ್ಟಿದ ಮೇಲೆ ಬಂದು, "ನಾ ಹಸರು ಅಂದಿದ್ದೆ" ಅಂತ ತಕರಾರು ತೆಗೆದಿದ್ದ. ಹಾಲವ್ವ ಎರಡು ಮಾತಾಡದೆ ಎಳೆ ತೆಗೆದು ಕೈಗೆ ಕಟ್ಟಿದಳು. ಹಟಮಾರಿ ಮನುಷ್ಯ, ಪಂಚೆಯನ್ನೂ ಉಡಲಿಲ್ಲ, ಎಳೆಯನ್ನೂ ಬಿಚ್ಚಲಿಲ್ಲ. ಎಣ್ಣೆ ಅಳೆದು ಕೊಡುವಾಗ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಒಂದೇ ಕೈಯಲ್ಲಿ ಅಳೆಯುತ್ತಿದ್ದನಂತೆ. ಊರವರು ಬೇಕೆಂದೇ ಎರಡು ಕೈ ಬೇಕಾಗುವಷ್ಟು ದೊಡ್ಡ ಗಡಿಗೆ ತರುತ್ತಿದ್ದರು.

ಹೀಗಿರುವಾಗ ಮುತ್ತಿನಕೋಟೆಯ ರಾಣಿ ನಮ್ಮ ರಾಜನ ಮನೆಗೆ ನೆಂಟಳಾಗಿ ಬಂದಳಂತೆ. ಮುತ್ತಿನಕೋಟೆ ಅಂದರೆ ಹೊಳೆಯಾಚೆಯ ದೊಡ್ಡ ರಾಜ್ಯ. ಅಲ್ಲಿ ಮುತ್ತಿದೆ, ರತ್ನವಿದೆ, ಆನೆಯಿದೆ. ಒಳ್ಳೆಯ ಮಗ್ಗವಿಲ್ಲ. ಊಟದ ಹೊತ್ತಿಗೆ ರಾಣಿ ತನ್ನ ಮುತ್ತಿನ ಮಾತೇ ಆಡಿದಳು. ಹೋಳಿಗೆ ಬಂತು, ಮುತ್ತು. ಪಾಯಸ ಬಂತು, ಮುತ್ತು. ರಾಜನಿಗೆ ತಡೆಯಲಾಗಲಿಲ್ಲ.

"ನಮ್ಮ ನೂಲಗೇರಿಯವರನ್ನು ನೋಡಿದ್ದೀರಾ? ಒಂದೇ ಹಾಸನ್ನು ನೀವು ಹೇಳಿದ ಹಾಗೆ ಪಾಲು ಮಾಡಿ ಪಟ್ಟೆ ಸೀರೆ ನೇಯುತ್ತಾರೆ. ಎಳೆಗೆ ಎಳೆ ಸರಿ."

ರಾಣಿ ಕೈ ತೊಳೆದು ನಕ್ಕಳು. "ಹಾಗಾದರೆ ಪಂಥ. ನನಗೊಂದು ಪಟ್ಟೆ ಸೀರೆ ಬೇಕು. ಎಷ್ಟು ಪಟ್ಟೆ ಅಂತ ಈಗ ಹೇಳುವುದಿಲ್ಲ. ಎರಡರಿಂದ ಹತ್ತರೊಳಗೆ ಯಾವುದೋ ಒಂದು. ಹಾಸು ಕಟ್ಟಿ ಕಾಯಿ ಒಡೆದ ಮೇಲೆ ಬಂದು ಹೇಳುತ್ತೇನೆ. ಎಲ್ಲ ಪಟ್ಟೆಗೂ ಸಮನಾದ ಎಳೆ ಬೀಳಬೇಕು. ಒಂದೆಳೆ ಉಳಿದರೂ ಸೋತಿರಿ. ಒಂದೆಳೆ ಸಾಲದಿದ್ದರೂ ಸೋತಿರಿ. ಸೋತರೆ ನೂಲಗೇರಿಯ ಮಗ್ಗಗಳನ್ನೆಲ್ಲ ಗಾಡಿಗೆ ಹೇರಿಕೊಂಡು ಹೋಗುತ್ತೇನೆ. ನೇಯುವವರೂ ಗಾಡಿಯ ಹಿಂದೆ ಬರಬೇಕು."

"ಗೆದ್ದರೆ?"

"ಆ ಸೀರೆ ಉಟ್ಟು, ನನ್ನ ಆಸ್ಥಾನದಲ್ಲಿ ನಿಮ್ಮ ಊರಿನ ಹೆಸರು ಹೇಳಿ ಹೊಗಳುತ್ತೇನೆ. ನನ್ನ ಬಾಯಿಂದ ಇವತ್ತಿನವರೆಗೂ ಬೇರೆ ಊರಿನ ಹೊಗಳಿಕೆ ಬಂದಿಲ್ಲ."

ರಾಜ ಜಂಬದಲ್ಲಿ ಹೂಂ ಅಂದುಬಿಟ್ಟ. ಅಂದ ಮೇಲೆ ಪಾಯಸದ ಬಟ್ಟಲನ್ನು ಪಕ್ಕಕ್ಕೆ ಸರಿಸಿದನಂತೆ.

ಸುದ್ದಿ ನೂಲಗೇರಿಗೆ ಬಂತು. ಲಾಳಿಗಳು ನಿಂತವು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರೆಲ್ಲ ಹಾಗೇ ಕೂತರು. ಅಜ್ಜ ಮುತ್ತಜ್ಜ ಕೂತ ಕುಣಿ ಅದು. ಅದನ್ನು ಗಾಡಿಗೆ ಹೇರುವುದು ಹೇಗೆ? ಮರದ ಚೌಕಟ್ಟು ಹೋಗುತ್ತದೆ, ಕುಣಿ ಇಲ್ಲೇ ಬಾಯಿ ತೆರೆದುಕೊಂಡು ಉಳಿಯುತ್ತದೆ. ಎಲ್ಲರೂ ಎದ್ದು ಹಾಲವ್ವನ ಬಾಗಿಲಿಗೆ ಬಂದರು.

ಹಾಲವ್ವ ಮೂಗು ಮೇಲೆತ್ತಿದಳು. "ಅಳಬ್ಯಾಡ್ರಿ. ಹಾಸು ನಾ ಕಟ್ತೀನಿ."

ಒಳಗೆ ಬಂದು ಬಾಗಿಲು ಹಾಕಿದ ಮೇಲೆ ಗಾಳೆಪ್ಪ ಕೇಳಿದ. "ಹ್ಯಾಂಗ ಕಟ್ತೀ? ಆಕಿ ಏಳು ಅಂದ್ರ ಏಳಕ್ಕ ಸರಿಹೋಗಬೇಕು, ಒಂಬತ್ತು ಅಂದ್ರ ಒಂಬತ್ತಕ್ಕ ಸರಿಹೋಗಬೇಕು. ಯಾವುದು ಅಂತ ಗೊತ್ತಿಲ್ಲ. ಎಲ್ಲಾದಕ್ಕೂ ಸರಿಹೋಗೂ ಲೆಕ್ಕ ಎಲ್ಲೈತಿ?"

"ಹುಡುಕಿದ್ರ ಸಿಗತೈತಿ."

"ಎಲ್ಲಾನೂ ಒಂದಕ್ಕೊಂದು ಗುಣಸಿಬಿಟ್ರ?" ಗಾಳೆಪ್ಪ ಗೋಡೆಗೆ ಸುಣ್ಣದಲ್ಲಿ ಗೀಚತೊಡಗಿದ. ಎರಡು ಮೂರಲೆ ಆರು. ಆರು ನಾಲ್ಕಲೆ ಇಪ್ಪತ್ತನಾಲ್ಕು. ಅದಕ್ಕೆ ಐದು, ಆರು, ಏಳು, ಎಂಟು, ಒಂಬತ್ತು, ಹತ್ತು. ಗೀಚುತ್ತಾ ಗೀಚುತ್ತಾ ಗೋಡೆ ಮುಗಿಯಿತು, ಬಾಗಿಲಿಗೆ ಬಂದ. ಬಾಗಿಲು ಮುಗಿಯುವ ಹೊತ್ತಿಗೆ ಲೆಕ್ಕ ಬಂತು. ಮೂವತ್ತಾರು ಲಕ್ಷದ ಇಪ್ಪತ್ತೆಂಟು ಸಾವಿರದ ಎಂಟುನೂರು ಎಳೆ.

ಹಾಲವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದನ್ನ ಉಡಾಕ ರಾಣಿ ಸಾಲೂದಿಲ್ಲೋ ಮಾರಾಯಾ, ಗುಡ್ಡ ಬೇಕು! ಸುತ್ತಿ ಸುತ್ತಿ ಗುಡ್ಡನ ಸೀರಿ ಉಟ್ಟೀತು."

"ನಗಬ್ಯಾಡ. ಲೆಕ್ಕ ತಪ್ಪಿಲ್ಲ."

"ತಪ್ಪಿಲ್ಲ, ದಂಡ ಆಗೈತಿ. ಮನಿಗೆ ಬಂದು ಕುಂತ ನೆಂಟರನ್ನ ಮತ್ತ ಕರ್ಯಾಕ ಹೋಗೀದಿ ನೀ."

ಅವಳು ಹುಣಸೆಬೀಜದ ಗಡಿಗೆ ತಂದು ನೆಲದ ಮೇಲೆ ಕೂತಳು. ನೆಂಟರನ್ನು ಒಬ್ಬೊಬ್ಬರನ್ನಾಗಿ ಊಟಕ್ಕೆ ಕರೆಯುವ ಹಾಗೆ ಕರೆದಳು.

"ಎರಡಪ್ಪ ಬಂದ, ಕೂಡ್ಸು. ಮೂರಪ್ಪ ಬಂದ, ಕೂಡ್ಸು. ಎರಡು ಮೂರಲೆ ಆರು ಆತು. ನಾಲ್ಕು ಅಂದ್ರ ಏನು? ಎರಡಪ್ಪ ಎರಡು ಸಲ. ಒಬ್ಬಾಂವ ಆಗಲೇ ಕುಂತಾನ, ಇನ್ನೊಬ್ಬ ಎರಡಪ್ಪನ್ನ ಕರದ್ರ ಸಾಕು. ಹನ್ನೆರಡು ಆತು. ಐದಪ್ಪ ಯಾರ ಬೀಗನೂ ಅಲ್ಲ, ಆಂವನ್ನ ಕರೀಲೇಬೇಕು. ಅರವತ್ತು. ಇನ್ನ ಆರು. ಎರಡಪ್ಪ ಮೂರಪ್ಪ ಇಬ್ರೂ ಒಳಗ ಇದ್ದ ಮ್ಯಾಲೆ ಆರನ್ನ ಯಾಕ ಕರೀಬೇಕು?"

ಗಾಳೆಪ್ಪ ಗೋಡೆಯ ಮೇಲಿನ ಆರನ್ನು ಒರೆಸಿಹಾಕಿದ.

"ಏಳಪ್ಪ ಸೊಕ್ಕಿನಾಂವ, ಯಾರ ಜೋಡಿನೂ ಬರೂದಿಲ್ಲ. ಆಂವನ್ನ ಕರದ್ರ ನಾನೂರ ಇಪ್ಪತ್ತು. ಎಂಟಕ್ಕ ಮೂರು ಮಂದಿ ಎರಡಪ್ಪ ಬೇಕು. ಇಬ್ರು ಅದಾರ, ಇನ್ನೊಬ್ಬ ಬರಲಿ. ಎಂಟುನೂರ ನಲವತ್ತು. ಒಂಬತ್ತಕ್ಕ ಇಬ್ರು ಮೂರಪ್ಪ. ಒಬ್ಬ ಅದಾನ, ಇನ್ನೊಬ್ಬ ಬರಲಿ. ಎರಡು ಸಾವಿರದ ಐನೂರ ಇಪ್ಪತ್ತು. ಹತ್ತು ಬಾಗಲಕ್ಕ ಬಂದ್ರ, ಎರಡಪ್ಪ ಐದಪ್ಪ ಇಬ್ರೂ ಒಳಗ ಉಣ್ಣಾಕತ್ತಾರ, ಹೊಳ್ಳಿ ಹೋಗು ಅಂತ ಹೇಳು."

ಗಾಳೆಪ್ಪ ಬೀಜಗಳನ್ನು ಒಂದೊಂದು ಲೆಕ್ಕಕ್ಕೂ ಪಾಲು ಮಾಡಿ ನೋಡಿದ. ಏಳು ಗುಂಪು ಮಾಡಿದ, ಸರಿಹೋಯಿತು. ಎಂಟು ಮಾಡಿದ, ಸರಿಹೋಯಿತು. ಒಂಬತ್ತು ಮಾಡಿದ, ಒಂದು ಬೀಜವೂ ಉಳಿಯಲಿಲ್ಲ.

"ಎರಡು ಸಾವಿರದ ಐನೂರ ಇಪ್ಪತ್ತು" ಅಂದ ಮೆಲ್ಲಗೆ. "ಒಂದು ಸೀರಿಗೆ ಸರಿಯಾದ ಹಾಸು."

"ಇದಕ್ಕಿಂತ ಸಣ್ಣ ಲೆಕ್ಕ ಯಾವುದೂ ಹತ್ತರತನಕ ಎಲ್ಲಾರಿಗೂ ಹೂಂ ಅನ್ನೂದಿಲ್ಲ. ಬೇಕಾದ್ರ ನೋಡು." ಹಾಲವ್ವನ ಮೂಗುತಿ ಮಿಂಚಿತು.

ಸುಮ್ಮನಿದ್ದಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಅವಳೆಲ್ಲಿ ಸುಮ್ಮನಿರುತ್ತಾಳೆ? ತನ್ನ ಲೆಕ್ಕಕ್ಕೆ ತಾನೇ ಒಂದು ಹಾಡು ಕಟ್ಟಿದಳು. "ರಾಣಿ ಬಂದು ಹೋಗೂತನಕ ಬಾಯಿ ಮುಚ್ಚಿಕೊಂಡಿರು" ಅಂತ ಗಾಳೆಪ್ಪ ಕೈ ಮುಗಿದ. ಕೇಳಲಿಲ್ಲ. ಹಾಸು ಕಟ್ಟುವ ದಿನ ಬೀದಿಯ ಹೆಂಗಸರೆಲ್ಲ ನೂಲೆಳೆಯುತ್ತಾ ಗಂಟಲು ಬಿಟ್ಟು ಹಾಡಿದರಂತೆ:

ಎರಡಕ್ಕೆ ಸಾವಿರದಿನ್ನೂರ ಅರವತ್ತು,
ಮೂರಕ್ಕೆ ಎಂಟುನೂರ ನಲವತ್ತು,
ನಾಲ್ಕಕ್ಕೆ ಆರುನೂರ ಮೂವತ್ತು,
ಐದಕ್ಕೆ ಐನೂರ ನಾಲ್ಕು,
ಆರಕ್ಕೆ ನಾನೂರ ಇಪ್ಪತ್ತು,
ಏಳಕ್ಕೆ ಮುನ್ನೂರ ಅರವತ್ತು,
ಎಂಟಕ್ಕೆ ಮುನ್ನೂರ ಹದಿನೈದು,
ಒಂಬತ್ತಕ್ಕೆ ಇನ್ನೂರ ಎಂಬತ್ತು,
ಹತ್ತಕ್ಕೆ ಇನ್ನೂರ ಐವತ್ತೆರಡು,
ಕೇಳಿದವರಿಗೆ ಇಲ್ಲವೆನ್ನದ ಹಾಸು ನಮ್ಮದು!

ಆ ಹಾಡು ಬೀದಿಯಿಂದ ಕೆರೆಗೆ ಹೋಯಿತು, ಕೆರೆಯಿಂದ ಹೊಲಕ್ಕೆ ಹೋಯಿತು. ಹೊಲದ ಬದಿಯ ದಾರಿಯಲ್ಲಿ ರಾಣಿಯ ಪಲ್ಲಕ್ಕಿ ಬರುತ್ತಿತ್ತು. ರಾಣಿ ಪರದೆ ಸರಿಸಿ ಕೇಳಿದಳು. ಎರಡಕ್ಕೂ ಸರಿ, ಏಳಕ್ಕೂ ಸರಿ, ಹತ್ತಕ್ಕೂ ಸರಿ. ಎಲ್ಲಿ ಒತ್ತಿದರೂ ಗಟ್ಟಿ. ಪರದೆ ಬಿಟ್ಟು ಒಳಗೆ ಕೂತು ಯೋಚನೆ ಮಾಡಿದಳಂತೆ. ಊರು ಬರುವ ಹೊತ್ತಿಗೆ ಅವಳ ಮುಖದಲ್ಲಿ ನಗು ಇತ್ತು.

ಬೀದಿಯಲ್ಲಿ ಹಾಸು ಬೆಳ್ಳಗೆ ಬಿಗಿದು ನಿಂತಿತ್ತು. ಗೂಟಕ್ಕೆ ಅರಿಶಿನ, ಗೂಟದ ಬುಡದಲ್ಲಿ ಒಡೆದ ಕಾಯಿ. ಒಂದು ಕಡೆ ನಮ್ಮ ರಾಜ, ಇನ್ನೊಂದು ಕಡೆ ರಾಣಿ, ಅವಳ ಹಿಂದೆ ಖಾಲಿ ಗಾಡಿಗಳ ಸಾಲು. ಊರಿಗೆ ಊರೇ ಸೇರಿತ್ತು. ಗಾಣದ ಅಡಿವೆಪ್ಪನೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದ.

"ಎಷ್ಟು ಪಟ್ಟೆ, ತಾಯಿ?" ಹಾಲವ್ವ ಕೇಳಿದಳು.

ರಾಣಿ ಹಾಸಿನ ಈ ತುದಿಯಿಂದ ಆ ತುದಿಗೆ ನಡೆದು ನೋಡಿ, ತಿರುಗಿ ನಿಂತು ಹೇಳಿದಳು. "ಹನ್ನೊಂದು."

ರಾಜನ ಮುಖ ಕೆಂಪಾಯಿತು. "ಎರಡರಿಂದ ಹತ್ತರೊಳಗೆ ಅಂತ ಮಾತಾಗಿತ್ತಲ್ಲ?"

"ಆಗಿತ್ತು. ಕೇಳಿದವರಿಗೆ ಇಲ್ಲವೆನ್ನುವುದಿಲ್ಲ ಅಂತ ನಿಮ್ಮವರೇ ದಾರಿಯುದ್ದಕ್ಕೂ ಹಾಡುತ್ತಿದ್ದಾರೆ. ನಾನು ಹನ್ನೊಂದು ಕೇಳಿದೆ. ಆಗುವುದಿಲ್ಲವೋ? ಹಾಗಂತ ಆ ಹೆಂಗಸು ಇಲ್ಲೇ, ಎಲ್ಲರಿಗೂ ಕೇಳುವ ಹಾಗೆ, ನಮ್ಮ ಕೈಯಲ್ಲಿ ಆಗುವುದಿಲ್ಲ ಅಂದುಬಿಡಲಿ. ಗಾಡಿ ತಿರುಗಿಸಿಕೊಂಡು ಹೋಗುತ್ತೇನೆ. ಆಗುತ್ತದೆ ಅಂದರೆ ಪಂಥ ಇದ್ದ ಹಾಗೇ ಇದೆ."

ರಾಜ ಹಾಲವ್ವನ ಹತ್ತಿರ ಬಂದು ಪಿಸುಗುಟ್ಟಿದ. "ಅಂದುಬಿಡವ್ವಾ. ಮಾತು ಮುರಿದವಳು ಅವಳು, ನೀನಲ್ಲ. ಮಗ್ಗ ಉಳಿಯಲಿ."

ಗಾಳೆಪ್ಪನೂ ಸೆರಗು ಜಗ್ಗಿದ. "ಅಂದುಬಿಡು. ಒಂದ್ ಮಾತು, ಹೋಗತೈತಿ."

ಹಾಲವ್ವ ಮನಸ್ಸಿನಲ್ಲಿ ಎಣಿಸಿದಳು. ಹನ್ನೊಂದು ಪಟ್ಟೆ, ಪಟ್ಟೆಗೆ ಇನ್ನೂರ ಇಪ್ಪತ್ತೊಂಬತ್ತು ಎಳೆ. ಎಷ್ಟಾಯಿತು? ಎರಡು ಸಾವಿರದ ಐನೂರ ಹತ್ತೊಂಬತ್ತು. ಒಂದೆಳೆ ಉಳಿಯಿತು. ಒಂದೇ ಒಂದು. ಮತ್ತೆ ಎಣಿಸಿದಳು. ಮತ್ತೆ ಒಂದೇ ಉಳಿಯಿತು.

ತನ್ನ ಬಾಯಿಂದ ಬಂದ ಹಾಡು ಊರಿನ ಮಗ್ಗಕ್ಕೇ ಕುತ್ತು ತಂದಿತಲ್ಲ ಅಂತ ಅವಳಿಗೆ ಜೀವಮಾನದಲ್ಲಿ ಮೊದಲ ಸಲ ನಾಚಿಕೆಯಾಯಿತು. ಆಗುವುದಿಲ್ಲ ಅನ್ನೋಣವೇ? ಅಂದರೆ ಮಗ್ಗ ಉಳಿಯುತ್ತದೆ. ಆದರೆ ನಾಳೆಯಿಂದ ಆ ಮಗ್ಗದಲ್ಲಿ ಕೂತವರು ಯಾವ ಮುಖ ಇಟ್ಟುಕೊಂಡು ಹಾಡಬೇಕು? ತಲೆ ತಗ್ಗಿಸಿ ನಿಂತಳು. ಮೂಗುತಿ ಮೊದಲ ಸಲ ನೆಲ ನೋಡಿತು.

ಅಷ್ಟರಲ್ಲಿ ಅಡಿವೆಪ್ಪನಿಗೆ ಮೂಗಿನ ಮೇಲೆ ನೊಣ ಕೂತಿತು. ಒಂದು ಕೈಯಲ್ಲಿ ಎಣ್ಣೆ ಅಳೆಯುವ ಮಾನ, ಇನ್ನೊಂದು ಕೈ ಬೆನ್ನ ಹಿಂದೆ. ಬೇರೆ ದಾರಿಯಿಲ್ಲದೆ ಬೆನ್ನ ಹಿಂದಿನ ಕೈ ಮುಂದೆ ತಂದು ನೊಣ ಓಡಿಸಿದ. ಬಿಸಿಲಿಗೆ ಆ ಮುಂಗೈಯ ಬಿಳಿ ಎಳೆ ಹಾಲವ್ವನ ಕಣ್ಣಿಗೆ ಬಿತ್ತು.

ಹಾಲವ್ವ ತಲೆ ಎತ್ತಿದಳು. ಮೊದಲಿಗಿಂತ ಮೇಲೆ ಎತ್ತಿದಳಂತೆ.

"ಆಗತೈತಿ, ತಾಯಿ. ಹನ್ನೊಂದೂ ಆಗತೈತಿ."

ಗಾಳೆಪ್ಪ ಅಲ್ಲೇ ಗೂಟ ಹಿಡಿದುಕೊಂಡು ಕೂತುಬಿಟ್ಟ.

ಹಾಲವ್ವ ಹಾಸಿನ ಒಂದು ಬದಿಯಿಂದ ಎಣಿಸುತ್ತಾ ಹೊರಟಳು. ಇನ್ನೂರ ಇಪ್ಪತ್ತೊಂಬತ್ತಕ್ಕೆ ಒಂದು ಕೆಂಪು ದಾರ ಸುತ್ತಿದಳು. ಮತ್ತೆ ಇನ್ನೂರ ಇಪ್ಪತ್ತೊಂಬತ್ತು, ಮತ್ತೊಂದು ದಾರ. ರಾಣಿಯ ಮಂತ್ರಿಯೂ ಹಿಂದೆ ಹಿಂದೆ ಎಣಿಸುತ್ತಾ ಬಂದ, ಒಂದೆಳೆಯೂ ತಪ್ಪಿಲ್ಲ ಅಂತ ತಲೆಯಾಡಿಸುತ್ತಾ ಬಂದ. ಹನ್ನೊಂದು ದಾರ ಆಯಿತು. ಹಾಸಿನ ಅಂಚಿನಲ್ಲಿ ಒಂದು ಬಿಳಿ ಎಳೆ ಒಂಟಿಯಾಗಿ ನಿಂತಿತು.

"ಉಳಿಯಿತು!" ರಾಣಿ ಚಪ್ಪಾಳೆ ತಟ್ಟಿದಳು. "ಒಂದೆಳೆ ಉಳಿಯಿತು! ಗಾಡಿ ತನ್ನಿ!"

"ಉಳಿದಿಲ್ಲ ತಾಯಿ" ಅಂದಳು ಹಾಲವ್ವ. "ಅದು ನಿಮ್ಮ ಪಾಲಿನ ಎಳಿ. ಕೈ ಮುಂದ ಮಾಡ್ರಿ."

"ಏನು?"

"ನಮ್ಮ ಊರ ಕಟ್ಟಳಿ. ಹಾಸಿನ ಮುಂದ ಮಾತು ಮುರದವ್ರು ಗಾಣದಾಂವ ಆಗಲಿ, ರಾಣಿ ಆಗಲಿ, ಅದೇ ಹಾಸಿನ ಎಳಿ ಕೈಗೆ ಕಟ್ಟಸ್ಕೋಬೇಕು. ಹತ್ತು ಅಂದು ಹನ್ನೊಂದಕ್ಕ ಬಂದ್ರಿ. ನೀವು ಮಾತಿನ್ಯಾಗ ಇದ್ದಿದ್ರ ಈ ಹಾಸಿನ್ಯಾಗ ಎಳಿ ಉಳೀತಿರಲಿಲ್ಲ. ನೀವು ಮಾತು ದಾಟಿದ್ರಿ, ದಾಟಿದ್ದಕ್ಕ ಎಷ್ಟು ಬೇಕೋ ಅಷ್ಟು, ಒಂದೇ ಎಳಿ ಬಂತು. ಎರಡಿಲ್ಲ, ಅರ್ಧ ಇಲ್ಲ. ಪಟ್ಟಿಗೆ ಪಟ್ಟಿ ಸರಿ ಆತು, ಕೈಗೆ ಎಳಿ ಸರಿ ಆತು. ಈಗ ಉಳಿದದ್ದು ಎಲ್ಲೈತಿ, ತೋರಸ್ರಿ."

ಹಾಲವ್ವ ಆ ಎಳೆಯನ್ನು ಗೂಟದಿಂದ ಬಿಚ್ಚಿ ಎರಡು ಕೈಯಲ್ಲಿ ಹಿಡಿದು ನಿಂತಳು. ಹಾಸಿನಲ್ಲಿ ಹನ್ನೊಂದು ಕಟ್ಟು, ಹನ್ನೊಂದೂ ಸಮ. ಬೇರೇನೂ ಇಲ್ಲ. ರಾಣಿ ತನ್ನ ಮಂತ್ರಿಯ ಮುಖ ನೋಡಿದಳು. ಮಂತ್ರಿ ಆ ದಿನ ಊಟದಲ್ಲಿ ಪಕ್ಕದಲ್ಲೇ ಕೂತಿದ್ದವನು. ಸುಳ್ಳು ಹೇಳಲಾರದೆ ಅವನು ಹಾಸನ್ನೇ ನೋಡುತ್ತಾ ನಿಂತ.

ರಾಣಿಯೂ ರಾಣಿಯೇ. ಅವಳಿಗೂ ಅವಳದೇ ಅಭಿಮಾನ. ಕೈ ಎಳೆಸಿಕೊಂಡು ಕಟ್ಟಿಸಿಕೊಳ್ಳುವುದಕ್ಕಿಂತ ತಾನೇ ಕೊಡುವುದು ಮೇಲು ಅಂದುಕೊಂಡು ಬಲಗೈಯ ಮುತ್ತಿನ ಬಳೆ ಹಿಂದೆ ಸರಿಸಿ ಮುಂಗೈ ಚಾಚಿದಳು. ಹಾಲವ್ವ ಎಳೆ ಸುತ್ತಿ ಗಂಟು ಹಾಕಿದಳು.

ನೂಲಗೇರಿ ಆ ದಿನ ಕೂಗಿದ ಕೂಗಿಗೆ ಕೆರೆಯ ಕೊಕ್ಕರೆಗಳು ಎದ್ದು ಹೋದವಂತೆ. ಎಲ್ಲರಿಗಿಂತ ಜೋರಾಗಿ ಕೂಗಿದವನು ಅಡಿವೆಪ್ಪ. ಎರಡು ಕೈಯನ್ನೂ ಮೇಲೆತ್ತಿ, "ನನಗೂ ರಾಣಿಗೂ ಒಂದೇ ಒಡವಿ!" ಅಂತ ಕುಣಿದ. ಅವತ್ತಿನಿಂದ ಅವನು ಎರಡು ಕೈಯಲ್ಲೂ ಎಣ್ಣೆ ಅಳೆದ.

ಗಲಾಟೆ ಅಡಗಿದ ಮೇಲೆ ರಾಣಿ ಹಾಲವ್ವನನ್ನು ಹತ್ತಿರ ಕರೆದಳು. "ನಿನ್ನ ಹಾಸಿನಲ್ಲಿ ಹೆಚ್ಚಿನ ಎಳೆ ಹುಡುಕಿಕೊಟ್ಟವರಿಗೆ ಮೂಗುತಿ ಕೊಡುತ್ತೀಯಂತೆ. ಹುಡುಕಿದವಳು ನಾನು. ಇಗೋ, ಕೈಯಲ್ಲೇ ಇದೆ."

ಎಲ್ಲರೂ ಹಾಲವ್ವನ ಮುಖ ನೋಡಿದರು. ಉಳಿದಿಲ್ಲ ಅಂತ ಆಗಷ್ಟೇ ವಾದಿಸಿದವಳು ಅವಳು, ಮತ್ತೆ ವಾದಿಸಬಹುದಿತ್ತು. ಅವಳು ಮೂಗುತಿ ಬಿಚ್ಚಿ ರಾಣಿಯ ಅಂಗೈಯಲ್ಲಿಟ್ಟಳು.

"ತಗೋರಿ ತಾಯಿ. ನಮ್ಮ ಓಣ್ಯಾಗ ಮಾತು ಮುರದವ್ರ ಕೈ ಹ್ಯಾಂಗ ಕಾಣತೈತಿ ಅಂತ ನನಗ ಗೊತ್ತೈತಿ."

ಹನ್ನೊಂದು ಪಟ್ಟೆಗೆ ಹನ್ನೊಂದು ಬಣ್ಣ ಹಾಕಿದರು. ಗಾಳೆಪ್ಪನೇ ಮಗ್ಗದಲ್ಲಿ ಕೂತು ನೇಯ್ದ. ಸೀರೆ ಮುತ್ತಿನಕೋಟೆಗೆ ಹೋಯಿತು. ಖಾಲಿ ಬಂದ ಗಾಡಿಗಳು ಖಾಲಿಯೇ ಹೋದವು.

ರಾಣಿ ತನ್ನ ಆಸ್ಥಾನದಲ್ಲಿ ಆ ಸೀರೆ ಉಟ್ಟು ನಿಂತು, "ಇದು ನಾನು ಕೇಳಿದ್ದೇ. ಇದು ನೂಲಗೇರಿಯದು. ಇದರ ಸಾಟಿ ನಮ್ಮಲ್ಲಿಲ್ಲ" ಅಂದಳಂತೆ. ಅಂದ ಮೇಲೆ ಎಳೆ ಬಿಚ್ಚಬಹುದಿತ್ತು. ಮಂತ್ರಿ ಬಿಚ್ಚಲು ಬಂದ. ರಾಣಿ ಕೈ ಹಿಂದೆ ತೆಗೆದುಕೊಂಡಳು. "ಇರಲಿ ಬಿಡು. ಮುತ್ತು ನನ್ನ ಹತ್ತಿರ ಬೇಕಾದಷ್ಟಿದೆ. ಇಂಥದು ಇದೊಂದೇ."

ಆಮೇಲೊಂದು ದಿನ ಮುತ್ತಿನಕೋಟೆಯಿಂದ ದೂತ ಬಂದು ಹಾಲವ್ವನ ಬಾಗಿಲಲ್ಲಿ ನಿಂತ. ಕೈಯಲ್ಲಿ ಅವಳ ಮೂಗುತಿ. ಅದರ ತುದಿಗೆ ಒಂದು ಮುತ್ತು ಹೊಸದಾಗಿ ಸೇರಿತ್ತು. ಹಾಲವ್ವ ಅದನ್ನು ಮೂಗಿಗೆ ಇಟ್ಟುಕೊಂಡಳು, ಬೀದಿಗೆ ಬಂದಳು, ಮೂಗು ಮೇಲೆತ್ತಿ ಆ ತುದಿಯಿಂದ ಈ ತುದಿಗೆ ನಡೆದಳು. ಗಾಳೆಪ್ಪ ಹಿಂದೆ ಹಿಂದೆ ನಡೆದ, ಅವನೂ ಸ್ವಲ್ಪ ಮೂಗೆತ್ತಿಯೇ ನಡೆದನಂತೆ.

ನೂಲಗೇರಿಯಲ್ಲಿ ಇವತ್ತಿಗೂ ಹಾಸು ಕಟ್ಟುವಾಗ ಆ ಹಾಡು ಹಾಡುತ್ತಾರಂತೆ. ಹತ್ತಕ್ಕೆ ನಿಲ್ಲಿಸುವುದಿಲ್ಲ. ಹತ್ತು ಮುಗಿದ ಮೇಲೆ ಒಂದು ಸಲ ಉಸಿರು ತೆಗೆದುಕೊಂಡು, ಗಂಟಲು ಏರಿಸಿ ಹಾಡುತ್ತಾರಂತೆ:

ಹನ್ನೊಂದಕ್ಕೆ ಇನ್ನೂರ ಇಪ್ಪತ್ತೊಂಬತ್ತು,
ಉಳಿದ ಎಳೆ ರಾಣಿಯ ಕೈಗೆ!

ಅವರ ಸೀರೆ ಅವರ ಮೈಗಾಯಿತು, ನಮ್ಮ ಕಥೆ ನಮ್ಮ ಕಿವಿಗಾಯಿತು. ಹೂಂ ಅಂದವರೆಲ್ಲ ಎದ್ದು ಮನೆಗೆ ಹೋಗಿ, ದೀಪಕ್ಕೆ ಎಣ್ಣೆ ಇದೆಯೋ ನೋಡಿ.